ನೀರಿನ ಮೇಲೆ ನೀರಿನ ಹೊರೆ

ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯು ಕಾವೇರಿಯನ್ನು ಸೇರುವ ಸಂಗಮಕ್ಕೆ ಹೋದವರು ಹರಿಗೋಲನ್ನು ನೋಡಿಯೇ ಇರುತ್ತಾರೆ. ಬಿದಿರಿನ ಸೀಳುಗಳನ್ನು ಹೆಣೆದು ಮಾಡಿದ ದುಂಡನೆಯ ಬುಟ್ಟಿ ಅದು. ಹಿಂದೆ ಅದರ ಹೊರಮೈಗೆ ಚರ್ಮವನ್ನು ಹೊದಿಸುತ್ತಿದ್ದರು; ಈಗ ಪ್ಲಾಸ್ಟಿಕ್ ಹಾಳೆ ಬಂದಿದೆ. ಅದಕ್ಕೆ ಹಿಂದು ಮುಂದು ಎಂಬುದಿಲ್ಲ, ಚುಕ್ಕಾಣಿಯೂ ಇಲ್ಲ. ಜನ ಹತ್ತುವಾಗ ಅಂಬಿಗನು ಮಾಡುವ ಏರ್ಪಾಟನ್ನು ಮಾತ್ರ ಗಮನಿಸಬೇಕು. ಮೊದಲು ಬಂದವರನ್ನು ಒಂದು ಅಂಚಿನಲ್ಲಿ ಕೂರಿಸಿದರೆ, ಅನಂತರ ಬಂದವರನ್ನು ಎದುರಂಚಿಗೆ ಕಳುಹಿಸುವನು. ಸ್ಥೂಲಕಾಯರೊಬ್ಬರು ಬಂದರೆ ಅವರ ಎದುರಿಗೆ ಇಬ್ಬರು ಹುಡುಗರು. ಎಲ್ಲರೂ ಹತ್ತಿದ ಮೇಲೆ ಅವನ ಅಪ್ಪಣೆ ಒಂದೇ: "ಎಲ್ರೂ ಕುಂತ್ಕಳಿ, ಯಾರೂ ಎದ್ ನಿಲ್‌ಬ್ಯಾಡಿ."

ಅಂಬಿಗನು ಪ್ರಯಾಣಿಕರ ಮೈಭಾರದಿಂದ ಮಾಡಿಸುವ ಈ ಕೆಲಸವನ್ನು ದೊಡ್ಡ ಹಡಗುಗಳಲ್ಲಿ ಬೇರೊಂದು ವಸ್ತುವಿನಿಂದ ಮಾಡಿಸುವರು. ಸರಕಾಗಿ ಅಲ್ಲದೆ ಕೇವಲ ಭಾರಕ್ಕಾಗಿ ಹಡಗಿನ ತಳದಲ್ಲಿ ತುಂಬಿಸುವ ಆ ವಸ್ತುವಿಗೆ ನಿಲುಭಾರವೆಂದು ಹೆಸರು. ನಾವಿಕರು ಅದನ್ನು ಬ್ಯಾಲಸ್ಟ್ ಎನ್ನುವರು. ರೈಲುಹಳಿಯ ಕೆಳಗೆ ಹಾಸುವ ಜಲ್ಲಿಕಲ್ಲಿಗೂ ಇದೇ ಹೆಸರಿದೆ. ಒಂದು ಕಾಲದಲ್ಲಿ ಹಡಗಿನ ನಿಲುಭಾರವೂ ಕಲ್ಲೇ ಆಗಿದ್ದಿತು. ಈಗ ಅದು ನೀರು. ನೀರಿನ ಮೇಲೆ ತೇಲುವ ವಸ್ತುವಿಗೆ ನೀರನ್ನೇ ಹೊರೆಯಾಗಿ ಹೇರುವುದು ಮೊದಲ ನೋಟಕ್ಕೆ ವಿಚಿತ್ರವಾಗಿ ತೋರುವುದು. ಆದರೆ ಆ ನೀರನ್ನು ಹೇಗೆ ತುಂಬಿಸಬೇಕು, ತುಂಬದಿದ್ದರೆ ದೋಷ ಎಲ್ಲಿರಬಹುದು, ಅರ್ಧ ತುಂಬಿ ಬಿಟ್ಟರೆ ಏನಾಗುವುದು ಎಂಬ ಪ್ರಶ್ನೆಗಳಲ್ಲಿ ಭೌತಶಾಸ್ತ್ರ ಮಾತ್ರವಲ್ಲ, ಜನರ ಪ್ರಾಣವೂ ಅಡಗಿದೆ.

ಕಲ್ಲಿನಿಂದ ನೀರಿಗೆ

ತೇಲುವ ದೋಣಿಯ ಮೇಲೆ ಎರಡು ಬಲಗಳು ವರ್ತಿಸುತ್ತವೆ. ಅದರ ಭಾರವೆಲ್ಲ ಗುರುತ್ವಕೇಂದ್ರದಲ್ಲಿ ಕೆಳಮುಖವಾಗಿ ಎಳೆಯುವುದು. ದೋಣಿಯಿಂದ ಪಕ್ಕಕ್ಕೆ ಸರಿದ ನೀರಿನ ಭಾರದಷ್ಟೇ ಬಲವು ಪ್ಲವನಕೇಂದ್ರದಲ್ಲಿ ಮೇಲಕ್ಕೆ ನೂಕುವುದು. ಇದು ಆರ್ಕಿಮಿಡೀಸನ ತತ್ತ್ವ. ಪ್ರೌಢಶಾಲೆಯಲ್ಲಿಯೇ ಕಲಿತಿರುವ ವಿಷಯ. ದೋಣಿ ಒಂದು ಪಕ್ಕಕ್ಕೆ ವಾಲಿದಾಗ ಮುಳುಗಿದ ಭಾಗದ ಆಕಾರ ಬದಲಾಗುವುದರಿಂದ ಪ್ಲವನಕೇಂದ್ರವು ತಗ್ಗಾದ ಪಕ್ಕಕ್ಕೆ ಸರಿಯುತ್ತದೆ. ಆಗ ಎರಡು ಬಲಗಳೂ ಒಂದೇ ನೇರದಲ್ಲಿರದೆ ದೋಣಿಯನ್ನು ತಿರುಗಿಸಲು ಯತ್ನಿಸುವುವು. ದೋಣಿ ಮತ್ತೆ ನೆಟ್ಟಗಾಗುವುದೋ ಮಗುಚಿಕೊಳ್ಳುವುದೋ ಎಂಬುದನ್ನು ನಿರ್ಧರಿಸುವ ಬಿಂದುವಿಗೆ ಮೆಟಾಸೆಂಟರ್ ಎನ್ನುವರು. ವಾಲಿದಾಗ ಹೊಸ ಪ್ಲವನಕೇಂದ್ರದಿಂದ ಮೇಲಕ್ಕೆ ಎಳೆದ ಲಂಬರೇಖೆಯು ದೋಣಿಯ ನಡುರೇಖೆಯನ್ನು ಸಂಧಿಸುವ ಸ್ಥಳ ಅದು. ಗುರುತ್ವಕೇಂದ್ರವು ಅದಕ್ಕಿಂತ ಕೆಳಗಿರುವವರೆಗೆ ಭಯವಿಲ್ಲ. ಹರಿಗೋಲಿನಲ್ಲಿ ಹತ್ತು ಮಂದಿ ಎದ್ದುನಿಂತರೆ ಗುರುತ್ವಕೇಂದ್ರ ಮೇಲೇರಿ ಈ ಅಂತರ ಕಿರಿದಾಗುವುದು. ಅಂಬಿಗನ ಅಪ್ಪಣೆಗೆ ಅದೇ ಕಾರಣ.

ತಳದಲ್ಲಿ ಭಾರ ಸಾಲದೆ ಕೆಟ್ಟ ಹಡಗಿನ ಪ್ರಸಿದ್ಧ ಉದಾಹರಣೆ ಸ್ವೀಡನ್ನಿನ ವಾಸಾ. ೧೬೨೮ರ ಆಗಸ್ಟ್ ೧೦ರಂದು ಸ್ಟಾಕ್‌ಹೋಮ್ ಬಂದರಿನಿಂದ ಹೊರಟ ಈ ಯುದ್ಧನೌಕೆ ಒಂದೂವರೆ ಕಿಲೋಮೀಟರನ್ನೂ ದಾಟದೆ ಗಾಳಿಯ ಹೊಡೆತಕ್ಕೆ ವಾಲಿ ಮುಳುಗಿತು. ಎರಡು ಅಂತಸ್ತುಗಳಲ್ಲಿ ಫಿರಂಗಿಗಳನ್ನು ಹೇರಿದ್ದರು. ತಳದಲ್ಲಿದ್ದ ಸುಮಾರು ೧೨೦ ಟನ್ ಕಲ್ಲು ಅವನ್ನು ಸರಿದೂಗಿಸಲು ಸಾಲದಾಯಿತು. ಹೊರಡುವ ಮೊದಲೇ ಮೂವತ್ತು ಮಂದಿಯನ್ನು ಅಟ್ಟದ ಮೇಲೆ ಈ ಪಕ್ಕದಿಂದ ಆ ಪಕ್ಕಕ್ಕೆ ಓಡಿಸಿ ಪರೀಕ್ಷಿಸಿದ್ದರು. ಹಡಗು ಅತಿಯಾಗಿ ತೂಗಾಡಿದ್ದರಿಂದ ಮೂರನೆಯ ಓಟಕ್ಕೇ ಪರೀಕ್ಷೆಯನ್ನು ನಿಲ್ಲಿಸಿದರು. ಯಾನವನ್ನು ಮಾತ್ರ ನಿಲ್ಲಿಸಲಿಲ್ಲ! ೧೯೬೧ರಲ್ಲಿ ಮೇಲೆತ್ತಿದ ಆ ಹಡಗು ಈಗ ಸ್ಟಾಕ್‌ಹೋಮಿನ ವಸ್ತುಸಂಗ್ರಹಾಲಯದಲ್ಲಿದೆ.

ಕಲ್ಲನ್ನು ತುಂಬುವುದೂ ತೆಗೆಯುವುದೂ ಕೂಲಿಯಾಳುಗಳ ಕೆಲಸ. ಕಬ್ಬಿಣದ ಹಡಗುಗಳೂ ಆವಿಯ ಪಂಪುಗಳೂ ಬಂದ ಮೇಲೆ ಆ ಶ್ರಮ ತಪ್ಪಿತು. ೧೮೫೨ರಲ್ಲಿ ಇಂಗ್ಲೆಂಡಿನಲ್ಲಿ ನೀರಿಗಿಳಿದ 'ಜಾನ್ ಬೋಸ್' ಎಂಬ ಕಲ್ಲಿದ್ದಲಿನ ಹಡಗು ನೀರನ್ನು ನಿಲುಭಾರವಾಗಿ ಬಳಸಿದ ಮೊದಲಿನವುಗಳಲ್ಲೊಂದು. ಸರಕನ್ನು ಇಳಿಸಿ ಬರಿದಾದ ಹಡಗು ತನ್ನ ತೊಟ್ಟಿಗಳಿಗೆ ಕಡಲ ನೀರನ್ನು ತುಂಬಿಕೊಳ್ಳುವುದು. ಇನ್ನೊಂದು ಬಂದರಿನಲ್ಲಿ ಸರಕು ಹತ್ತುತ್ತಿದ್ದಂತೆ ಆ ನೀರನ್ನು ಹೊರಚೆಲ್ಲುವುದು. ಕುದುರೆಮುಖದ ಕಬ್ಬಿಣದ ಅದಿರು ಕೆಸರಿನ ರೂಪದಲ್ಲಿ ಸುಮಾರು ೬೭ ಕಿಲೋಮೀಟರುಗಳ ಕೊಳವೆಯಲ್ಲಿ ಮಂಗಳೂರಿಗೆ ಹರಿದು ಬರುತ್ತಿದ್ದ ಕಾಲದಲ್ಲಿ, ಅದನ್ನು ಒಯ್ಯಲು ಬರಿದಾಗಿ ಬರುವ ಹಡಗುಗಳ ಹೊಟ್ಟೆಯಲ್ಲಿ ಇರುತ್ತಿದ್ದುದು ಇಂಥ ನೀರೇ. ಆ ಗಣಿಗಾರಿಕೆ ೨೦೦೫ರ ಕೊನೆಗೆ ನಿಂತಿತು.

ನೀರಿನಲ್ಲಿ ನೀರಿಗೆ ತೂಕವುಂಟೆ?

ಇಲ್ಲಿ ಚುರುಕಾದ ವಿದ್ಯಾರ್ಥಿ ಒಂದು ಆಕ್ಷೇಪವನ್ನು ಎತ್ತಬಹುದು. ಪ್ಲಾಸ್ಟಿಕ್ ಚೀಲವೊಂದರಲ್ಲಿ ನೀರು ತುಂಬಿ, ಗಾಳಿ ಉಳಿಯದಂತೆ ಬಾಯಿ ಕಟ್ಟಿ ತೊಟ್ಟಿಗೆ ಹಾಕಿದರೆ ಅದು ತೇಲುವುದೂ ಇಲ್ಲ, ಮುಳುಗುವುದೂ ಇಲ್ಲ. ತೂಕವೇ ಇಲ್ಲದಂತೆ ತೊಟ್ಟಿಯಲ್ಲಿ ನಿಲ್ಲುವುದು. ಹೀಗಿರುವಾಗ ಅದೇ ಚೀಲವು ದೋಣಿಯನ್ನು ಕೆಳಕ್ಕೆ ಒತ್ತುವುದು ಹೇಗೆ?

ತೊಟ್ಟಿಯಲ್ಲಿದ್ದ ಚೀಲವನ್ನು ಸುತ್ತಲಿನ ನೀರು ನೇರವಾಗಿ ಎತ್ತಿ ಹಿಡಿದಿತ್ತು. ದೋಣಿಯೊಳಗಿನ ಚೀಲಕ್ಕೆ ಹೊರಗಿನ ನೀರಿನ ಸ್ಪರ್ಶವಿಲ್ಲ. ಅದನ್ನು ಹೊರುವುದು ದೋಣಿಯ ತಳ. ತಳವನ್ನು ಹೊರುವುದು ನದಿ. ಒಂದು ಲೀಟರು ನೀರು ಒಂದು ಕಿಲೋಗ್ರಾಂ. ನೀರಿನ ಮಟ್ಟದಲ್ಲಿ ಹತ್ತು ಚದರ ಮೀಟರು ವಿಸ್ತಾರವಿರುವ ದೋಣಿಗೆ ಸಾವಿರ ಲೀಟರು ತುಂಬಿಸಿದರೆ, ಇನ್ನೊಂದು ಘನಮೀಟರು ನೀರನ್ನು ಪಕ್ಕಕ್ಕೆ ಸರಿಸುವ ತನಕ, ಎಂದರೆ ಹತ್ತು ಸೆಂಟಿಮೀಟರು, ಅದು ಕೆಳಗಿಳಿಯಲೇಬೇಕು.

ಆಕ್ಷೇಪದಲ್ಲಿ ಸತ್ಯವೂ ಇದೆ. ಅಪಘಾತದಲ್ಲಿ ದೋಣಿಯೊಳಗೆ ನೀರು ನುಗ್ಗಿ ಚೀಲವೂ ಮುಳುಗಿದರೆ ಆ ಕ್ಷಣದಿಂದ ಅದರ ತೂಕ ಇಲ್ಲದಂತಾಗುವುದು. ಮರಳಿನ ಮೂಟೆಯೋ ಸೀಸದ ಗಟ್ಟಿಯೋ ಆಗಿದ್ದರೆ ಮುಳುಗಿದ ಮೇಲೂ ದೋಣಿಯನ್ನು ತಳಕ್ಕೆ ಎಳೆಯುತ್ತಲೇ ಇರುತ್ತಿತ್ತು. ಸಣ್ಣ ದೋಣಿಗಳಿಗೆ ಮರಳಿಗಿಂತ ನೀರು ಮೇಲು ಎನ್ನುವುದಕ್ಕೆ, ತುಂಬಿ ಚೆಲ್ಲುವ ಸೌಕರ್ಯಕ್ಕಿಂತ ಇದನ್ನೇ ದೊಡ್ಡ ಕಾರಣವೆಂದು ನಾನು ಎಣಿಸುತ್ತೇನೆ.

ಅಲೆಗಾಗಿ ಭಾರ

ಸಣ್ಣ ದೋಣಿಗಳಲ್ಲಿ ನೀರಿನ ಚೀಲಗಳನ್ನು ಅತ್ಯಂತ ಹೆಚ್ಚಾಗಿ ಬಳಸುವವರು ಒಂದು ಬಗೆಯ ಆಟಗಾರರು. ಓಡುವ ದೋಣಿಯ ಹಿಂದೆ ಹಗ್ಗ ಹಿಡಿದು ನೀರಿನ ಮೇಲೆ ಜಾರುವ ಆಟವನ್ನು ಅಮೆರಿಕದ ರಾಲ್ಫ್ ಸ್ಯಾಮ್ಯುಯೆಲ್‌ಸನ್ ಎಂಬ ತರುಣನು ೧೯೨೨ರಲ್ಲಿ ಆರಂಭಿಸಿದನು. ಅದಕ್ಕೆ ಬೇಕಾದುದು ಅಲೆಯಿಲ್ಲದ ನುಣುಪಾದ ನೀರು. ೧೯೮೫ರಲ್ಲಿ ಕ್ಯಾಲಿಫೋರ್ನಿಯದ ಟೋನಿ ಫಿನ್ ಒಂದೇ ಅಗಲವಾದ ಹಲಗೆಯ ಮೇಲೆ ನಿಂತು ಜಾರುವ ಆಟವನ್ನು ಪ್ರಚಾರಕ್ಕೆ ತಂದನು. ಮುಂದೆ ವೇಕ್‌ಬೋರ್ಡಿಂಗ್ ಎನಿಸಿಕೊಂಡ ಆಟ ಇದರಿಂದ ಬೆಳೆಯಿತು. ಇಲ್ಲಿ ಆಟಗಾರನು ದೋಣಿ ಎಬ್ಬಿಸಿದ ಅಲೆಯನ್ನೇರಿ ಗಾಳಿಗೆ ನೆಗೆಯುವನು. ಅಲೆ ದೊಡ್ಡದಾದಷ್ಟೂ ನೆಗೆತ ಎತ್ತರ.

ನೀರಿನಲ್ಲಿ ಚಲಿಸುವ ಬಾತುಕೋಳಿಯ ಹಿಂದೆಯೂ ಹಡಗಿನ ಹಿಂದೆಯೂ ಬೀಸಣಿಗೆಯಂತೆ ಹರಡುವ ಅಲೆಗಳನ್ನು ನೋಡಿದ್ದೀರಿ. ಆಳವಾದ ನೀರಿನಲ್ಲಿ ಈ ಬೀಸಣಿಗೆಯ ಕೋನ ಸಾಮಾನ್ಯವಾಗಿ ಸುಮಾರು ೩೯ ಡಿಗ್ರಿ ಎಂದು ಲಾರ್ಡ್ ಕೆಲ್ವಿನ್ ೧೮೮೭ರಲ್ಲಿ ತೋರಿಸಿಕೊಟ್ಟನು. ಆದರೆ ಅಲೆಯ ಎತ್ತರವು ದೋಣಿ ಎಷ್ಟು ನೀರನ್ನು ಪಕ್ಕಕ್ಕೆ ನೂಕುತ್ತದೆ ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ. ನೂಕುವ ನೀರು ದೋಣಿಯ ಭಾರವನ್ನು ಅವಲಂಬಿಸಿದೆ. ಆದುದರಿಂದ ಹಿಂಭಾಗದ ಎರಡು ಪಕ್ಕಗಳಲ್ಲಿ ಮತ್ತು ಮುಂಭಾಗದಲ್ಲಿ ದಪ್ಪ ಪ್ಲಾಸ್ಟಿಕ್ ಬಟ್ಟೆಯ ಚೀಲಗಳನ್ನು ಹಾಸಿ, ಒಂದೊಂದಕ್ಕೂ ನಾಲ್ಕೈದು ನೂರು ಲೀಟರು ನೀರನ್ನು ತುಂಬಿಸುವರು. ಹಡಗಿನಲ್ಲಿ ಸ್ಥಿರತೆಗಾಗಿ ಬಂದ ನಿಲುಭಾರ ಇಲ್ಲಿ ಅಲೆಗಾಗಿ ಬಂದಿದೆ. ನದಿಯ ದಂಡೆಗೆ ಇಂಥ ಅಲೆಗಳಿಂದ ಒಳಿತೇನೂ ಇಲ್ಲವೆನ್ನಿ. ಅದು ಬೇರೆಯ ಚರ್ಚೆ.

ತುಂಬದ ಚೀಲ

ತುಂಬಿಸುವ ವಿಧಾನ ಸರಳ. ದೋಣಿಯ ತಳದಲ್ಲೊಂದು ರಂಧ್ರ, ಅದಕ್ಕೆ ತಿರುಪಿನ ಕವಾಟ, ಅಲ್ಲಿಂದ ಬ್ಯಾಟರಿಯಿಂದ ನಡೆಯುವ ಸಣ್ಣ ಪಂಪು, ಪಂಪಿನಿಂದ ಚೀಲಕ್ಕೆ ಕೊಳವೆ, ಚೀಲದ ಮೇಲ್ಭಾಗದಿಂದ ಗಾಳಿ ಹೊರಹೋಗಲು ಇನ್ನೊಂದು ಕೊಳವೆ. ಗಂಟೆಗೆ ಮೂರು ಸಾವಿರ ಲೀಟರು ಎತ್ತುವ ಪಂಪು ಐದು ನೂರು ಲೀಟರಿನ ಚೀಲವನ್ನು ಹತ್ತು ನಿಮಿಷದಲ್ಲಿ ತುಂಬಿಸಬೇಕು. ಎಷ್ಟೋ ವೇಳೆ ಪಂಪಿನ ಸದ್ದು ಕೇಳುತ್ತಿರುತ್ತದೆ, ಅರ್ಧ ಗಂಟೆಯಾದರೂ ಚೀಲ ಚಪ್ಪಟೆಯಾಗಿಯೇ ಬಿದ್ದಿರುತ್ತದೆ.

ಇಂಥ ದೋಣಿಯನ್ನು ಕಂಡೇ ಇರದ ನಂಜನಗೂಡು ತಾಲ್ಲೂಕಿನ ದೇವನೂರಿನ ರೈತನನ್ನು ಕೇಳಿದರೂ ಕಾರಣ ಹೇಳಿಯಾನು: "ಪಂಪು ಗಾಳಿ ಹಿಡ್ಕಂಡದೆ." ಈಗ ಅನೇಕ ಕಡೆ ಕೊಳವೆಬಾವಿಯೊಳಗೆ ಮುಳುಗಿಯೇ ಇರುವ ಪಂಪುಗಳು ಬಂದಿವೆ. ಆದರೆ ಹೊಳೆಯ ದಡದಲ್ಲೋ ತೆರೆದ ಬಾವಿಯ ಅಂಚಿನಲ್ಲೋ ಪಂಪುಸೆಟ್ಟನ್ನು ಇಟ್ಟು ನಡೆಸಿದವರೆಲ್ಲ ಈ ಪಾಡನ್ನು ಬಲ್ಲರು. ಚಾಲೂ ಮಾಡುವ ಮೊದಲು ಪಂಪಿನ ಹೊಟ್ಟೆಗೆ ಬಿಂದಿಗೆಯಿಂದ ನೀರು ಹೊಯ್ಯಬೇಕು. ನೀರು ಸೋರಿ ಕೆಳಗಿಳಿಯದಂತೆ ಕೊಳವೆಯ ತುದಿಯಲ್ಲಿರುವ ಫುಟ್‌ವಾಲ್ವು ತಡೆಯಬೇಕು. ಅದರಲ್ಲಿ ಒಂದು ಕಡ್ಡಿ ಸಿಕ್ಕಿಕೊಂಡರೂ ಬೆಳಗಿನ ಕರೆಂಟು ವ್ಯರ್ಥ.

ಇದಕ್ಕೆ ಕಾರಣವನ್ನು ಲೆಕ್ಕದಿಂದಲೇ ತಿಳಿಯಬಹುದು. ಇಂಥ ಪಂಪು ಕೇಂದ್ರತ್ಯಾಗಿ ಬಗೆಯದು. ಚಕ್ರವು ತಿರುಗಿ ದ್ರವವನ್ನು ಹೊರಕ್ಕೆ ಎಸೆಯುವುದರಿಂದ ಒತ್ತಡ ಉಂಟಾಗುತ್ತದೆ. ಆ ಒತ್ತಡವು ಎಸೆಯಲ್ಪಡುವ ವಸ್ತುವಿನ ಸಾಂದ್ರತೆಗೆ ಅನುಪಾತದಲ್ಲಿರುವುದು. ನೀರು ತುಂಬಿದಾಗ ಹತ್ತು ಮೀಟರು ಎತ್ತರಕ್ಕೆ ಎತ್ತುವ ಪಂಪಿನಲ್ಲಿ ಗಾಳಿ ತುಂಬಿದೆಯೆನ್ನಿ. ಗಾಳಿಯ ಸಾಂದ್ರತೆ ನೀರಿನ ಎಂಟುನೂರನೆಯ ಒಂದು ಪಾಲಿನಷ್ಟು. ಆಗ ಅದೇ ಚಕ್ರ ಅದೇ ವೇಗದಲ್ಲಿ ತಿರುಗಿದರೂ ನೀರನ್ನು ಎಳೆದುಕೊಳ್ಳಬಲ್ಲುದು ಕೇವಲ ಹನ್ನೆರಡು ಮಿಲಿಮೀಟರು! ಪಂಪು ಕೆಟ್ಟಿಲ್ಲ, ಅದು ಹಿಡಿದುಕೊಳ್ಳಲು ಅದಕ್ಕೆ ಏನೂ ಸಿಕ್ಕಿಲ್ಲ, ಅಷ್ಟೆ.

ದೋಣಿ ವೇಗವಾಗಿ ಓಡುವಾಗ ಅದರ ಮುಂಭಾಗ ಮೇಲೆದ್ದು, ತಳದ ರಂಧ್ರಕ್ಕೆ ಗುಳ್ಳೆಗಳು ನುಗ್ಗುವುವು. ಹೀಗೆ ಸಿಕ್ಕಿದ ಗಾಳಿ ಪಂಪಿನ ಹೊಟ್ಟೆಯಲ್ಲಿ ನಿಲ್ಲುವುದು. ದೋಣಿಯನ್ನು ನಿಲ್ಲಿಸಿ ಸ್ವಲ್ಪ ಹಿಂದಕ್ಕೆ ನಡೆಸಿದರೆ ನೀರು ರಂಧ್ರದೊಳಕ್ಕೆ ಒತ್ತಿ ಗಾಳಿಯನ್ನು ಹೊರಡಿಸುವುದುಂಟು. ಪಂಪನ್ನು ಹೊರಗಿನ ನೀರಿನ ಮಟ್ಟಕ್ಕಿಂತ ಕೆಳಗೆ ಕೂರಿಸುವುದು ಇನ್ನೂ ಉತ್ತಮ. ಬಿಂದಿಗೆಯ ಕೆಲಸವನ್ನು ಹೊಳೆಯೇ ಮಾಡಿಕೊಡುವುದು. ರಬ್ಬರಿನ ರೆಕ್ಕೆಗಳುಳ್ಳ ಇನ್ನೊಂದು ಬಗೆಯ ಪಂಪು ಗಾಳಿಯನ್ನೂ ಹಿಂಡಿ ತಳ್ಳಬಲ್ಲುದು. ಹಿಂದಕ್ಕೆ ತಿರುಗಿಸಿದರೆ ಚೀಲವನ್ನು ಬರಿದು ಮಾಡಲೂಬಲ್ಲುದು. ಆದರೆ ಅದಕ್ಕೆ ನೀರೇ ಎಣ್ಣೆ. ನೀರಿಲ್ಲದೆ ಕೆಲವು ನಿಮಿಷ ಓಡಿದರೆ ರಬ್ಬರು ಕಾದು ಹರಿದುಹೋಗುವುದು.

ಪಂಪು ಸರಿಯಿದ್ದು ಚೀಲ ತುಂಬದಿದ್ದರೆ ಮೊದಲು ಕವಾಟ ತೆರೆದಿದೆಯೇ, ಜರಡಿಗೆ ಎಲೆ, ಪಾಚಿ ಅಂಟಿದೆಯೇ, ಫ್ಯೂಸು ಹೋಗಿದೆಯೇ ಎಂದು ನೋಡತಕ್ಕದ್ದು. ಆಮೇಲೆ ಗಾಳಿಯ ಕೊಳವೆ. ಅದು ಎಲ್ಲಿಯಾದರೂ ಮಡಿಸಿಕೊಂಡಿದ್ದರೆ ಒಳಗಿನ ಗಾಳಿಗೆ ದಾರಿಯಿಲ್ಲ. ಚೀಲ ಡೋಲಿನಂತೆ ಉಬ್ಬುವುದು, ನೀರು ಮಾತ್ರ ಅರ್ಧವೇ. ಕೈಯಿಂದ ತಟ್ಟಿದರೆ ಸದ್ದಿನಲ್ಲಿಯೇ ವ್ಯತ್ಯಾಸ ತಿಳಿಯುವುದು.

ತಾನಾಗಿ ಬರಿದಾಗುವ ಚೀಲ ಇನ್ನೊಂದು ಒಗಟು. ಪಂಪು ನಿಂತಿದೆ, ಎಲ್ಲಿಯೂ ಸೋರಿಕೆಯಿಲ್ಲ. ಒಂದು ಸುತ್ತು ಓಡಿ ಬರುವಷ್ಟರಲ್ಲಿ ನೀರು ಕಡಿಮೆಯಾಗಿರುತ್ತದೆ. ಇದು ಸೈಫನ್ನಿನ ಕೆಲಸ. ಡ್ರಮ್ಮಿನಿಂದ ಸೀಮೆಎಣ್ಣೆ ತೆಗೆಯಲು ರಬ್ಬರು ನಳಿಗೆಯನ್ನು ಬಳಸುತ್ತಿದ್ದುದು ಹಿರಿಯರಿಗೆ ನೆನಪಿದ್ದೀತು. ಓಡುವ ದೋಣಿ ಮೇಲಕ್ಕೆದ್ದಾಗ ಚೀಲವು ಹೊರಗಿನ ನೀರಿಗಿಂತ ಎತ್ತರಕ್ಕೆ ಬಂದು, ತುಂಬಿದ ಕೊಳವೆಯ ಮೂಲಕವೇ ನೀರು ಹಿಂದಿರುಗುವುದು. ಕೊಳವೆಯನ್ನು ಒಮ್ಮೆ ಎತ್ತರಕ್ಕೆ ಬಳಸಿ ತಂದು, ಆ ನೆತ್ತಿಯಲ್ಲಿ ಗಾಳಿ ಒಳಬರಲು ಸಣ್ಣ ಕಿಂಡಿಯನ್ನಿಟ್ಟರೆ ಸೈಫನ್ನು ಮುರಿಯುವುದು. ಪಂಪಿಗೆ ಶತ್ರುವಾದ ಗಾಳಿ ಇಲ್ಲಿ ಮಿತ್ರನಾಗುವುದು.

ಅರ್ಧ ತುಂಬಿದ ಚೀಲ

ತುಂಬದ ಚೀಲದಿಂದ ಆಟ ಕೆಡುವುದು. ಅರ್ಧ ತುಂಬಿದುದರಿಂದ ದೋಣಿಯೇ ಕೆಡಬಹುದು.

ತಟ್ಟೆಯಲ್ಲಿ ನೀರು ಹಿಡಿದು ನಡೆದವರಿಗೆ ಇದು ಗೊತ್ತು. ತಟ್ಟೆ ಸ್ವಲ್ಪ ವಾಲಿದರೆ ನೀರೆಲ್ಲ ತಗ್ಗಿನ ಕಡೆಗೆ ಓಡುವುದು. ಓಡಿದ ಭಾರದಿಂದ ತಟ್ಟೆ ಮತ್ತಷ್ಟು ವಾಲುವುದು. ದೋಣಿಯೊಳಗಿನ ನೀರೂ ಹಾಗೆಯೇ. ಪರಿಣಾಮವು ಮೆಟಾಸೆಂಟರನ್ನು ಕೆಳಗಿಳಿಸಿದುದಕ್ಕೆ ಸಮಾನ. ಸಣ್ಣ ವಾಲಿಕೆಗಳಿಗೆ ಇದರ ಲೆಕ್ಕ ಸುಲಭ: ತೊಟ್ಟಿಯ ಅಗಲದ ಘನವನ್ನು ಉದ್ದದಿಂದ ಗುಣಿಸಿ ಹನ್ನೆರಡರಿಂದ ಭಾಗಿಸಬೇಕು, ಬಂದುದನ್ನು ದೋಣಿ ಸರಿಸಿದ ನೀರಿನ ಘನಗಾತ್ರದಿಂದ ಮತ್ತೆ ಭಾಗಿಸಬೇಕು. ಎರಡು ಮೀಟರು ಉದ್ದ, ಎರಡು ಮೀಟರು ಅಗಲದ ತೊಟ್ಟಿ, ಒಟ್ಟು ಮೂರು ಟನ್ ತೂಗುವ ದೋಣಿ ಎಂದಿಟ್ಟುಕೊಂಡರೆ ಉತ್ತರ ೪೪ ಸೆಂಟಿಮೀಟರು. ಅದೇ ತೊಟ್ಟಿಯ ನಡುವೆ ಉದ್ದಕ್ಕೆ ಒಂದು ಗೋಡೆ ಕಟ್ಟಿ ಎರಡು ಮಾಡಿ. ಈಗ ೧೧ ಸೆಂಟಿಮೀಟರು ಮಾತ್ರ. ನೀರು ಅಷ್ಟೇ, ಹಾನಿ ಕಾಲುಭಾಗ. ತೊಟ್ಟಿಯನ್ನು ಅಂಚಿನವರೆಗೂ ತುಂಬಿ ಮುಚ್ಚಿದರೆ ನೀರಿಗೆ ಓಡಲು ಎಡೆಯಿಲ್ಲ, ಹಾನಿ ಸೊನ್ನೆ. ಆಶ್ಚರ್ಯವೆಂದರೆ, ಸ್ವಲ್ಪ ತುಂಬಿದ್ದರೂ ಬಹಳ ತುಂಬಿದ್ದರೂ, ನೀರಿನ ಮೇಲ್ಮೈ ಪೂರ್ತಿ ಹರಡಿರುವವರೆಗೆ ಈ ಲೆಕ್ಕದಲ್ಲಿ ನೀರಿನ ಆಳ ಬರುವುದೇ ಇಲ್ಲ.

ಮನೆಯಲ್ಲಿಯೇ ಇದನ್ನು ನೋಡಬಹುದು. ಬಕೆಟ್ಟಿನ ನೀರಿನಲ್ಲಿ ಅಗಲವಾದ ಪ್ಲಾಸ್ಟಿಕ್ ಡಬ್ಬಿಯನ್ನು ತೇಲಬಿಟ್ಟು ಒಂದು ಲೋಟ ನೀರನ್ನು ಅದರೊಳಗೆ ಸುರಿಯಿರಿ. ಬೆರಳಿನಿಂದ ಒಂದಂಚನ್ನು ಮೆಲ್ಲಗೆ ಒತ್ತಿ. ಬಳಿಕ ಅಷ್ಟೇ ನೀರನ್ನು ಬಿಗಿಯಾಗಿ ಕಟ್ಟಿದ ಎರಡು ಸಣ್ಣ ಚೀಲಗಳಲ್ಲಿ ತುಂಬಿ, ಎರಡು ಪಕ್ಕಗಳಲ್ಲಿ ಇಟ್ಟು ಒತ್ತಿ ನೋಡಿ. ಬೆರಳಿಗೇ ತಿಳಿಯುವುದು.

ಅಗಲವಾದ ಆಟದ ದೋಣಿಗೆ ೪೪ ಸೆಂಟಿಮೀಟರಿನ ನಷ್ಟವೊಂದೇ ಮಗುಚುವಷ್ಟು ದೊಡ್ಡದಲ್ಲ. ಅದರ ಜೊತೆಗೆ ಒಂದು ಪಕ್ಕದ ಚೀಲ ತುಂಬಿ ಇನ್ನೊಂದು ತುಂಬದೆ, ನೋಡುವವರೂ ಅದೇ ಪಕ್ಕಕ್ಕೆ ನೆರೆದರೆ ಮಾತು ಬೇರೆ. ಜನರೂ ಒಂದು ಬಗೆಯ ದ್ರವವೇ ಅಲ್ಲವೆ? ತಗ್ಗಿನ ಕಡೆಗೆ ತಾವೇ ಹರಿಯುವುದಿಲ್ಲ, ನೋಡತಕ್ಕದ್ದು ಇರುವ ಕಡೆಗೆ ಹರಿಯುವರು. ೨೦೦೯ರ ಸೆಪ್ಟೆಂಬರ್ ೩೦ರಂದು ಕೇರಳದ ತೇಕ್ಕಡಿಯಲ್ಲಿ 'ಜಲಕನ್ಯಕಾ' ಎಂಬ ಎರಡು ಅಂತಸ್ತಿನ ಪ್ರವಾಸಿ ದೋಣಿ ಪೆರಿಯಾರ್ ಸರೋವರದಲ್ಲಿ ಮಗುಚಿ ೪೫ ಮಂದಿ ಸತ್ತರು. ದಡದ ಕಾಡುಪ್ರಾಣಿಗಳನ್ನು ನೋಡಲು ಪ್ರಯಾಣಿಕರು ಒಂದು ಪಕ್ಕಕ್ಕೆ ಸರಿದಾಗ ದೋಣಿ ವಾಲಿತೆಂದು ಆಗ ವರದಿಯಾಯಿತು. ಸಂಗಮದ ಅಂಬಿಗನು ಅವರಿಗೂ ಹೇಳುತ್ತಿದ್ದುದು ಅದೇ ಮಾತು.

ದೊಡ್ಡ ಹಡಗೂ ಇದಕ್ಕೆ ಹೊರತಲ್ಲ. ೨೦೨೫ರ ಮೇ ೨೪ರಂದು ವಿಳಿಂಞಂನಿಂದ ಕೊಚ್ಚಿಗೆ ಹೊರಟಿದ್ದ 'ಎಂಎಸ್‌ಸಿ ಎಲ್ಸಾ ೩' ಎಂಬ ಸರಕಿನ ಹಡಗು ಬಲಪಕ್ಕಕ್ಕೆ ೨೬ ಡಿಗ್ರಿಗಳಷ್ಟು ವಾಲಿ, ಮರುದಿನ ಮುಳುಗಿತು. ಅದರಲ್ಲಿ ೬೪೦ ಕಂಟೇನರುಗಳಿದ್ದುವು. ಇಪ್ಪತ್ತನಾಲ್ಕು ಮಂದಿ ನಾವಿಕರೂ ಬದುಕಿಕೊಂಡರು. ನಿಲುಭಾರದ ವ್ಯವಸ್ಥೆಯ ತೊಡಕಿನಿಂದ ಹಡಗು ವಾಲಿತೆಂದು ಅಧಿಕಾರಿಗಳು ಅನಂತರದ ದಿನಗಳಲ್ಲಿ ಹೇಳಿದರು. ವಾಲಿದ ಹಡಗನ್ನು ನೆಟ್ಟಗೆ ಮಾಡಲು ಎದುರುಪಕ್ಕದ ತೊಟ್ಟಿಗೆ ನೀರು ತುಂಬಿಸುವ ಯೋಚನೆ ಯಾರಿಗಾದರೂ ಮೊದಲು ಹೊಳೆಯುವುದು. ಆದರೆ ತುಂಬುತ್ತಿರುವಷ್ಟು ಹೊತ್ತೂ ಆ ತೊಟ್ಟಿ ಅರ್ಧ ತುಂಬಿದುದೇ ಆಗಿರುತ್ತದೆ. ಆದುದರಿಂದ ತೊಟ್ಟಿಗಳನ್ನು ಒಂದೊಂದಾಗಿ, ಕಿರಿದಾದುದರಿಂದ ಆರಂಭಿಸಿ, ತಗ್ಗಾದ ಪಕ್ಕದಿಂದಲೇ ತುಂಬಿಸತಕ್ಕದ್ದೆಂದು ನಾವಿಕರಿಗೆ ಕಲಿಸುವರು. ಎತ್ತರದ ಪಕ್ಕದಿಂದ ಮೊದಲು ಮಾಡಿದರೆ ಹಡಗು ಒಮ್ಮೆಗೇ ಇನ್ನೊಂದು ಮಗ್ಗುಲಿಗೆ ಹೊರಳಬಹುದು.

ಬರಿದು ಮಾಡುವಾಗ

ಚೀಲವನ್ನು ಬರಿದು ಮಾಡುವಾಗಲೂ ತೊಡಕುಂಟು. ನೀರು ಕಡಿಮೆಯಾದಂತೆ ಚೀಲದ ಮೇಲಿನ ಬಟ್ಟೆ ಕುಸಿದು, ಪಂಪು ಎಳೆಯುವ ಬಾಯಿಗೇ ಅಂಟಿ ಮುಚ್ಚಿಕೊಳ್ಳುವುದು. ಅಲ್ಲಿ ತೂತುಗಳಿರುವ ಗಟ್ಟಿ ನಳಿಗೆಯ ತುಂಡೊಂದನ್ನು ಇಟ್ಟರೆ ಸಾಕು. ಆದರೂ ಮಡಿಕೆಗಳಲ್ಲಿ ಕೆಲವು ಲೀಟರು ಉಳಿದೇ ತೀರುವುದು.

ಆ ಉಳಿದ ನೀರು ಖಾಲಿಯಲ್ಲ. ಹಡಗಿನ ನಿಲುಭಾರದೊಡನೆ ಯೂರೋಪಿನಿಂದ ಹೋದ ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿ ೧೯೮೮ರಲ್ಲಿ ಅಮೆರಿಕದ ಮಹಾಸರೋವರಗಳ ಪ್ರದೇಶದಲ್ಲಿ ಕಾಣಿಸಿಕೊಂಡು, ಕುಡಿಯುವ ನೀರಿನ ಕೊಳವೆಗಳನ್ನೇ ಮುಚ್ಚಿಹಾಕಿತು. ಹಡಗುಗಳು ನಿಲುಭಾರದ ನೀರನ್ನು ಶುದ್ಧಗೊಳಿಸಿಯೇ ಚೆಲ್ಲಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದ ೨೦೦೪ರಲ್ಲಿ ಸಿದ್ಧವಾಗಿ ೨೦೧೭ರ ಸೆಪ್ಟೆಂಬರ್ ೮ರಂದು ಜಾರಿಗೆ ಬಂದಿತು. ಒಂದು ಕೆರೆಯಿಂದ ಇನ್ನೊಂದಕ್ಕೆ ಗಾಡಿಯ ಮೇಲೆ ಹೋಗುವ ಸಣ್ಣ ದೋಣಿಗೆ ಹಡಗಿನಂಥ ಯಂತ್ರಗಳಿಲ್ಲ. ಅದರ ಚೀಲಗಳನ್ನು ಹೊರತೆಗೆದು, ಮಡಿಕೆ ಬಿಡಿಸಿ, ತಲೆಕೆಳಗಾಗಿ ತೂಗುಹಾಕಿ, ಒಳಗೂ ಹೊರಗೂ ಚೆನ್ನಾಗಿ ಒಣಗುವ ತನಕ ಬಿಡಬೇಕು.